ಯೋರ್ಗೊನ ಪಾಲು

ಪರ್ತ್‌ನಲ್ಲಿ ಯುಗಾದಿಗೋ ರಾಜ್ಯೋತ್ಸವಕ್ಕೋ ನಾವು ಕನ್ನಡದೋರು ಸೇರಿದಾಗ ಬೆಂಟ್ಲಿ ಯೂನಿವರ್ಸಿಟಿ ಕಡೆಯ ಹುಡುಗೀರು ಒಬ್ಬಿಬ್ರು ತಟ್ಟೆ ಹಿಡ್ಕೊಂಡು ನನ್ನ ಪಕ್ಕ ಬಂದು ಕೂರ್ತಾರೆ. ಮೊದಲು ಬಿಸಿಬೇಳೆಬಾತ್ ಚೆನ್ನಾಗಿದೆ ಅಂತಾರೆ. ಆಮೇಲೆ ಮೆತ್ತಗೆ, "ಆಂಟಿ, ನಂಗೆ ಏಜ್ಡ್ ಕೇರ್‌ನಲ್ಲಿ ಪಾರ್ಟ್ ಟೈಮ್ ಸಿಕ್ಕಿದೆ. ಅಮ್ಮಂಗೆ ಇನ್ನೂ ಹೇಳಿಲ್ಲ. ತುಂಬಾ ಗಲೀಜು ಕೆಲ್ಸ ಅಂತಾರಲ್ಲ, ಹೌದಾ?" ಅಂತ ಕೇಳ್ತಾರೆ.

ಗಲೀಜು ಹೌದು ಕಣ್ರಮ್ಮಾ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಗ್ಲೌಸ್ ಕೊಡ್ತಾರೆ, ಸೋಪಿದೆ, ಮನೆಗೆ ಬಂದು ತಲೆ ಮೇಲೆ ನೀರು ಸುರ್ಕೊಂಡ್ರೆ ಮುಗೀತು. ಆ ಕೆಲಸದಲ್ಲಿ ಕಷ್ಟ ಅಂದ್ರೆ ಊಟ ಮಾಡ್ಸೋದು. ಬೇಡ ಅಂತ ಬಾಯಿ ಬಿಗಿಹಿಡಿದು ಕೂತ ವಯಸ್ಸಾದೋರಿಗೆ ತುತ್ತು ತಿನ್ನಿಸೋದನ್ನ ಯಾವ ಕೋರ್ಸಲ್ಲೂ ಹೇಳ್ಕೊಡಲ್ಲ. ಅದಕ್ಕೇ ಇದನ್ನ ಬರೀತಿದೀನಿ. ನಾನು ಯಾವಾಗ ಸೀನಿಯರ್ ಆದೆ, ಯಾವ ಸರ್ಟಿಫಿಕೇಟ್ ಕೊಟ್ರು ಅನ್ನೋದೆಲ್ಲ ಬಿಡಿ, ಅದನ್ನ ನನ್ನ ಮಗನೇ ಕೇಳಿಸ್ಕೊಳಲ್ಲ. ಕನ್ನಡದಲ್ಲಿ ಶುರು ಮಾಡಿದ್ರೆ ಅವನು ಇಂಗ್ಲಿಷಲ್ಲಿ ಮುಗಿಸಿಬಿಡ್ತಾನೆ.

ನನ್ನ ಹೆಸರು ಶಾರದಾ. ಹುಟ್ಟಿದ್ದು ಮೈಸೂರು. ಯಜಮಾನ್ರು ಎಂಜಿನಿಯರ್, ಅವರ ವೀಸಾ ಹಿಡ್ಕೊಂಡು ನಾನೂ ಬಂದೆ, ಥಾರ್ನ್ಲಿಯಲ್ಲಿ ಮನೆ ಮಾಡಿದ್ವಿ. ಇವರು ಆಫೀಸಿಗೆ, ಮಗ ಸ್ಕೂಲಿಗೆ, ನಾನು ಕಿಟಕಿ ಹತ್ರ. ಎಷ್ಟು ದಿನ ಅಂತ ಪಕ್ಕದ ಮನೆಯೋರ ಹುಲ್ಲು ನೋಡ್ಕೊಂಡು ಕೂರೋದು? ಕೋರ್ಸ್ ಮಾಡ್ಕೊಂಡು ಕೆಲಸಕ್ಕೆ ಸೇರಿದೆ. ಸೇರಿದ್ದು ಗ್ರೀಕ್ ಜನ ತಮ್ಮ ವಯಸ್ಸಾದೋರಿಗೆ ಅಂತ ಕಟ್ಟಿಸಿಕೊಂಡಿದ್ದ ಒಂದು ಹೋಮ್‌ಗೆ. ಹೆಸರು ಬೇಡ. ಆ ಮುದುಕರೆಲ್ಲ ಹದಿನೆಂಟು ಇಪ್ಪತ್ತು ವಯಸ್ಸಲ್ಲಿ ಹಡಗು ಹತ್ತಿ ಬಂದೋರು. ಇಲ್ಲಿ ಫ್ಯಾಕ್ಟರಿ, ಮೀನಂಗಡಿ, ಹೋಟ್ಲು ಅಂತ ದುಡಿದೋರು. ವಯಸ್ಸಾಗ್ತಾ ಆಗ್ತಾ ಕಲಿತ ಇಂಗ್ಲಿಷ್ ಒಂದೊಂದೇ ಮಾತು ಉದುರಿಹೋಗಿ ಕೊನೆಗೆ ಅಮ್ಮನ ಭಾಷೆ ಒಂದೇ ಉಳ್ಕೊಳ್ಳುತ್ತೆ. ನಮಗೂ ಹಾಗೇ ಆಗುತ್ತೆ, ನೋಡ್ತಿರಿ. ಆಗ ನಮ್ಮನ್ನ ಯಾರು ನೋಡ್ಕೋತಾರೋ ಏನೋ.

ಮೊದಲನೇ ದಿನವೇ ಒಬ್ಬ ಅಜ್ಜಿ "ನೆರೊ, ನೆರೊ" ಅಂತ ಕೂಗ್ತಿದ್ರು. ನಾನು ಹಿಂದೆ ಮುಂದೆ ನೋಡದೆ ಒಂದು ಲೋಟ ನೀರು ತಂದುಕೊಟ್ಟೆ. ಜೊತೆಯವಳು, "ನಿಂಗೆ ಗ್ರೀಕ್ ಬರುತ್ತಾ?" ಅಂತ ಬಾಯಿ ಬಿಟ್ಳು. ಗ್ರೀಕೂ ಇಲ್ಲ ಗೀಕೂ ಇಲ್ಲ, ಅವರ ಭಾಷೇಲಿ ನೀರಿಗೆ ನೆರೊ ಅನ್ನೋದು ನನ್ನ ಪುಣ್ಯ ಅಷ್ಟೆ. ಇನ್ನೊಂದು, ಅವರು ಬೇಡ ಅನ್ನಬೇಕಾದ್ರೆ ನಮ್ಮ ಥರಾನೇ ಲೊಚ್ ಅಂತ ನಾಲಿಗೆ ಬಡಿದು ಗದ್ದ ಮೇಲಕ್ಕೆತ್ತೋರು. ಅದನ್ನ ನಂಗೆ ಯಾರೂ ಹೇಳ್ಕೊಡಬೇಕಾಗಿರ್ಲಿಲ್ಲ. ಹೆಂಗಸರನ್ನ "ಕಿರಿಯಾ" ಅಂತ ಕರೀಬೇಕಿತ್ತು, ನಮ್ಮಲ್ಲಿ ಅಮ್ಮಾವ್ರೇ ಅಂದ ಹಾಗೆ. ನನ್ನ ಹೆಸರು ಅವರ ಬಾಯಲ್ಲಿ ಸಾರದಾ ಆಯ್ತು. ಆಗ್ಲಿ ಬಿಡಿ, ನಮ್ಮೂರಲ್ಲೂ ಹಾಗೆ ಕರಿಯೋರು ಇದ್ರು.

ಅಲ್ಲಿ ಅರಿಸ್ತೊ ಅಂತ ಒಬ್ಬ ತಾತ ಇದ್ರು. ಎಂಬತ್ತು ದಾಟಿದ್ರೂ ಮೀಸೆ ಬಾಚ್ಕೊಳ್ಳದೆ ಊಟಕ್ಕೆ ಬರ್ತಿರ್ಲಿಲ್ಲ. ವಯಸ್ಸಲ್ಲಿ ಫಿಶ್ ಅಂಡ್ ಚಿಪ್ಸ್ ಅಂಗಡಿ ಇಟ್ಟಿದ್ರಂತೆ. ಗ್ರೀಕರ ಇತಿಹಾಸ ಪೂರ್ತಿ ಅವರ ನಾಲಿಗೆ ಮೇಲೆ. ನಾನು ಶೇವ್ ಮಾಡಕ್ಕೆ ಹೋದ್ರೆ ಸಾಕು, "ನಮ್ಮ ಅಲೆಕ್ಸಾಂಡರ್ ನಿಮ್ಮ ದೇಶಕ್ಕೂ ಬಂದಿದ್ದ, ಗೊತ್ತಾ?" ಅಂತ ಶುರು.

"ಬಂದಿದ್ದ ತಾತ, ಆದ್ರೆ ಮೈಸೂರಿಗೆ ಬರ್ಲಿಲ್ಲ. ಸೈನಿಕರು ಸಾಕಪ್ಪ, ಮನೆಗೆ ಹೋಗೋಣ ಅಂದ್ರಂತಲ್ಲ?"

"ಅಮ್ಮನ ಅಡುಗೆ ನೆನಪಾಗಿರುತ್ತೆ," ಅನ್ನೋರು. ಸೋಲೊಪ್ಪಿಕೊಳ್ಳೋ ಪೈಕಿ ಅಲ್ಲ ಅವರು.

ಒಂದ್ಸಲ ಬೆಳಿಗ್ಗೆ ಬೆಳಿಗ್ಗೆ ಮುಖ ಸಣ್ಣಗೆ ಮಾಡ್ಕೊಂಡು ಕೂತಿದ್ರು. ಏನಾಯ್ತು ಅಂದೆ. "ನಗರ ಹೋಯ್ತು, ಸಾರದಾ. ನಮ್ಮ ನಗರ ಕಳ್ಕೊಂಡ್ವಿ" ಅಂದ್ರು. ನಾನು ಗಾಬರಿಯಾಗಿ, ಪರ್ತ್‌ನಲ್ಲಿ ಏನಾದ್ರೂ ಬೆಂಕಿ ಗಿಂಕಿ ಬಿತ್ತಾ ಅಂತ ಕೇಳಿದೆ. ನೋಡಿದ್ರೆ ಅವರು ಅಳ್ತಿದ್ದಿದ್ದು ಕಾನ್‌ಸ್ಟಾಂಟಿನೋಪಲ್‌ಗೆ! ತುರ್ಕರು ಅದನ್ನ ಗೆದ್ದು ಐನೂರು ವರ್ಷದ ಮೇಲಾಗಿದೆ, ಈ ಮನುಷ್ಯ ಹೋದ ವಾರ ಮನೆ ಹರಾಜಾದ ಹಾಗೆ ಅಳ್ತಿದಾರೆ. ಅದು ಬಿದ್ದಿದ್ದು ಮಂಗಳವಾರವಂತೆ. ಅದಕ್ಕೇ ಅವರ ಜನ ಇವತ್ತಿಗೂ ಮಂಗಳವಾರ ಯಾವ ಶುಭ ಕೆಲಸಕ್ಕೂ ಕೈ ಹಾಕಲ್ಲ. ನಮ್ಮಮ್ಮನೂ ಮಂಗಳವಾರ ಉಗುರು ಕತ್ತರಿಸಕ್ಕೆ ಬಿಡ್ತಿರ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಬೈಸ್ಕೊಳ್ಳೋದೇ ಆಗಿತ್ತು. ಇವರ ಹತ್ರ ಕಾರಣನಾದ್ರೂ ಇತ್ತು.

ಇನ್ನೊಬ್ರು ಎವಾಂಥಿಯಾ ಅಜ್ಜಿ. ನಾನು ಹೇಳ್ಬೇಕಾಗಿರೋದು ಇವರ ವಿಷಯ. ಎರಡು ಸಾವಿರದ ಹದಿನೈದರ ಸುಮಾರಿಗೆ ಬಂದ್ರು. ಸಣ್ಣ ಜೀವ, ತಲೆಗೆ ಕಪ್ಪು ವಸ್ತ್ರ. ಗಂಡ ತೀರಿಕೊಂಡಿದ್ರು. ಮಗಳು ಟೂಲಾ ಅಡಿಲೇಡ್‌ನಲ್ಲಿ ಟೀಚರ್. ಮಗ ಕೋಸ್ತ ಬ್ರಿಸ್ಬೇನ್‌ನಲ್ಲಿ, ಸೇಂಟ್ ಲೂಸಿಯಾ ಯೂನಿವರ್ಸಿಟಿಯಲ್ಲಿ ಏನೋ ರಿಸರ್ಚು. ಅಜ್ಜಿಗೆ ಮರೆವು ಶುರುವಾಗಿತ್ತು. ಬೆಳಿಗ್ಗೆ ಹೊತ್ತು ಚೆನ್ನಾಗೇ ಇರೋರು, ಮಧ್ಯಾಹ್ನ ಕಳೀತಿದ್ದ ಹಾಗೆ ತಾವು ಯಾವ ಊರಲ್ಲಿದೀವಿ ಅನ್ನೋದು ಜಾರಿಹೋಗ್ತಿತ್ತು.

ನಮ್ಮ ಮ್ಯಾನೇಜರ್ ಜೆನ್ ಒಳ್ಳೆ ಹೆಂಗಸು, ಆದ್ರೆ ಅವಳ ಲೆಕ್ಕದಲ್ಲಿ ಗ್ರೀಕರೆಲ್ಲ ಒಂದೇ. ಎವಾಂಥಿಯಾ ಅಜ್ಜಿ ಬಂದ ದಿನ ಅವರನ್ನ ಕರ್ಕೊಂಡ್ಹೋಗಿ ಅರಿಸ್ತೊ ತಾತನ ಟೇಬಲ್ಲಿಗೆ ಕೂರ್ಸಿದ್ಲು, "ಇಬ್ರೂ ಗ್ರೀಸಿನ ಉತ್ತರದ ಕಡೆಯೋರು, ಮಾತಾಡ್ಕೋತಾರೆ" ಅಂತ. ಇಬ್ರೂ ಊರಿನ ಹೆಸರು ಹೇಳ್ಕೊಂಡ್ರು, ಅಪ್ಪನ ಹೆಸರು ಹೇಳ್ಕೊಂಡ್ರು. ತಾತ ಎದ್ದುನಿಂತು ತಟ್ಟೆ ತಗೊಂಡು ಗೋಡೆ ಪಕ್ಕದ ಟೇಬಲ್ಲಿಗೆ ಹೋಗಿ ಬೆನ್ನು ಮಾಡಿ ಕೂತ್ಕೊಂಡ್ರು. ಜೆನ್‌ಗೆ ತಲೆಬುಡ ಅರ್ಥವಾಗ್ಲಿಲ್ಲ.

ನಂಗೆ ಮಾರನೇ ದಿನ ಶೇವ್ ಮಾಡ್ಬೇಕಾದ್ರೆ ಗೊತ್ತಾಯ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ದೇಶದಲ್ಲಿ ಗ್ರೀಕರಿಗೂ ಗ್ರೀಕರಿಗೂ ಯುದ್ಧ ಆಯ್ತಂತೆ. ಬೆಟ್ಟ ಹತ್ತಿದ ಕಮ್ಯುನಿಸ್ಟರು ಒಂದು ಕಡೆ, ಸರ್ಕಾರದ ಸೈನ್ಯ ಒಂದು ಕಡೆ. ಎವಾಂಥಿಯಾ ಅಜ್ಜಿಯ ಅಪ್ಪ ಬೆಟ್ಟದೋರ ಜೊತೆ. ಅರಿಸ್ತೊ ತಾತ ಆಗ ಸೈನ್ಯದಲ್ಲಿದ್ದ ಹುಡುಗ. ಅವರ ತಮ್ಮನ್ನ ಬೆಟ್ಟದೋರೇ ಕೊಂದಿದ್ರಂತೆ. "ಆ ಮನೆತನದೋರ ಜೊತೆ ನಾನು ರೊಟ್ಟಿ ಮುರಿಯಲ್ಲ" ಅಂದ್ರು.

ನಂಗೆ ಕೋಪ ಮೂಗಿನ ತುದೀಲಿ ಅಂತ ನಮ್ಮತ್ತೆ ಹೇಳ್ತಿದ್ದಿದ್ದು ಸುಳ್ಳಲ್ಲ. "ಮೂರು ಸಾವಿರ ವರ್ಷದ ಕಥೆ ಹೇಳ್ತೀರಿ, ಒಂದು ಟೇಬಲ್ಲಲ್ಲಿ ಕೂತು ಊಟ ಮಾಡಕ್ಕಾಗಲ್ವಾ? ಆ ಹೆಂಗಸು ಆಗ ಹತ್ತು ವರ್ಷದ ಮಗು" ಅಂದೆ. ಅವರು ಲೊಚ್ ಅಂತ ಗದ್ದ ಎತ್ತಿದ್ರು. ರೇಜರ್ ಕೈಯಲ್ಲಿತ್ತಲ್ಲ, ನಾನೇ ಹೆದರಿ ಕೈ ಹಿಂದಕ್ಕೆ ತಗೊಂಡೆ.

ಈಗ ಊಟದ ವಿಷಯಕ್ಕೆ ಬರ್ತೀನಿ. ಎವಾಂಥಿಯಾ ಅಜ್ಜಿ ಏನು ಬಡಿಸಿದ್ರೂ ಮೊದಲು ಅದನ್ನ ಸರಿಯಾಗಿ ಅರ್ಧ ಮಾಡೋರು. ಬ್ರೆಡ್ ಆದ್ರೆ ಮುರಿದು, ಅನ್ನ ಆದ್ರೆ ಚಮಚದಲ್ಲಿ ಗೆರೆ ಎಳೆದು. ತಮ್ಮ ಅರ್ಧ ತಿಂದು ಇನ್ನರ್ಧ ತಟ್ಟೆಯ ಆಚೆ ಕಡೆಗೆ ತಳ್ಳಿ, ಅದರ ಮೇಲೆ ಪೇಪರ್ ನ್ಯಾಪ್ಕಿನ್ ಮುಚ್ಚೋರು. "ಯೋರ್ಗೊಗೆ" ಅನ್ನೋರು. ತೆಗೆಯಕ್ಕೆ ಹೋದ್ರೆ ಕೈ ಮೇಲೆ ಏಟು. ಒಣಗೋ ಅಂಥದ್ದಾದ್ರೆ ಬೀರುವಿನಲ್ಲಿ ಬಟ್ಟೆ ನಡುವೆ ಇಡೋರು, ಇರುವೆ ಬಂದಾಗ ನಮಗೆ ಗೊತ್ತಾಗ್ತಿತ್ತು. ಮೊದಲೇ ಸಣ್ಣ ಜೀವ, ಅದ್ರಲ್ಲಿ ಅರ್ಧ ಊಟ. ತೂಕ ಇಳಿದು ಇಳಿದು ಕೈಗೆ ಮೂಳೆ ಸಿಗ್ತಿತ್ತು. ಡಾಕ್ಟರು, ಹೀಗೇ ಆದ್ರೆ ಇವರು ಬಹಳ ದಿನ ಇರಲ್ಲ ಅಂದ್ರು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಪದ್ಧತಿ ಬೇರೆ ಇತ್ತು. ಮರೆವಿನೋರನ್ನ ತಿದ್ದಬೇಕು ಅಂತ ಹೇಳ್ಕೊಡ್ತಿದ್ರು. ಇವತ್ತು ಇಂಥ ತಾರೀಖು, ಇದು ಪರ್ತ್, ನಿಮ್ಮ ಯಜಮಾನ್ರು ಈಗಿಲ್ಲ, ಅಂತ ಮಕ್ಕಳಿಗೆ ಮಗ್ಗಿ ಹೇಳಿದ ಹಾಗೆ ಹೇಳ್ಬೇಕು. ಎಷ್ಟೋ ಮುದುಕಿಯರಿಗೆ ಗಂಡ ಸತ್ತ ಸುದ್ದೀನ ದಿನಾ ಹೊಸದಾಗಿ ಕೇಳಿಸಿ ದಿನಾ ಅಳಿಸಿದೀವಿ. ಆಮೇಲೆ ಹೊಸ ಟ್ರೈನಿಂಗ್ ಬಂತು. ತಿದ್ದಬೇಡಿ, ಅವರು ಯಾವ ಕಾಲದಲ್ಲಿ ಇದಾರೋ ಅಲ್ಲಿಗೆ ನೀವೂ ಹೋಗಿ ಅಂತ. ಅದು ನಂಗೆ ಹಿಡಿಸ್ತು. ಅಜ್ಜಿಗೆ ಎರಡು ತಟ್ಟೆ ಇಡಕ್ಕೆ ಶುರು ಮಾಡಿದೆ, ಒಂದು ಅವರಿಗೆ, ಒಂದು ಯೋರ್ಗೊಗೆ, ಎರಡರಲ್ಲೂ ಪೂರ್ತಿ ಊಟ. ಅಡುಗೆಮನೆಯೋರು ಗೊಣಗಿದ್ರು. ಅಜ್ಜಿ ಎರಡೂ ತಟ್ಟೆ ನೋಡಿದ್ರು. ಅವನ ತಟ್ಟೆ ಮುಚ್ಚಿಟ್ರು. ಆಮೇಲೆ ತಮ್ಮ ತಟ್ಟೆಯಲ್ಲೂ ಅರ್ಧ ಮಾಡಿ ಆಚೆಗೆ ತಳ್ಳಿದ್ರು! ನನ್ನ ಬುದ್ಧಿವಂತಿಕೆಗೆ ಅಷ್ಟೇ ಬೆಲೆ.

ಯೋರ್ಗೊ ಯಾರು ಅನ್ನೋದನ್ನ ಟೂಲಾ ಹೇಳಿದ್ಲು, ಸ್ವಲ್ಪ ಅಜ್ಜಿಯೇ ಹೇಳಿದ್ರು, ತಲೆ ಬಾಚಿಸ್ಕೋತಾ.

ಯೋರ್ಗೊ ಅವರ ತಮ್ಮ. ಯುದ್ಧ ಜೋರಾಗಿ ಹಳ್ಳಿ ಮೇಲೆ ಬಾಂಬ್ ಬೀಳ್ತಿದ್ದಾಗ, ಬೆಟ್ಟದೋರು ಮಕ್ಕಳನ್ನೆಲ್ಲ ಗಡಿ ದಾಟಿಸಿ ಬೇರೆ ದೇಶಗಳಿಗೆ ಕಳಿಸಿದ್ರಂತೆ. ಉಳಿಸಕ್ಕೆ ಕಳಿಸಿದ್ರು ಅಂತ ಕೆಲವರು, ಕದ್ದುಕೊಂಡು ಹೋದ್ರು ಅಂತ ಕೆಲವರು, ಅದರ ಜಗಳ ಇನ್ನೂ ಮುಗಿದಿಲ್ಲ. ಅಜ್ಜಿಯ ಅಮ್ಮ ಹಾಸಿಗೆ ಹಿಡಿದಿದ್ರಿಂದ ನೋಡ್ಕೊಳ್ಳಕ್ಕೆ ಮಗಳನ್ನ ಉಳಿಸ್ಕೊಂಡು ಮಗನ್ನ ಕಳಿಸಿದ್ರು. ಅವತ್ತು ಬೆಳಿಗ್ಗೆ ಮನೇಲಿ ಇದ್ದಿದ್ದು ಒಂದೇ ತುಂಡು ರೊಟ್ಟಿ. ಅಮ್ಮ ಎರಡು ಮಾಡಿ ಕೊಟ್ರು. ಎವಾಂಥಿಯಾ ತನ್ನದು ತಿಂದ್ಲು. ತಮ್ಮ ಇನ್ನೂ ಮಲಗಿದ್ದ. ಮಧ್ಯಾಹ್ನಕ್ಕೆ ಯಾರಾದ್ರೂ ಕೊಡ್ತಾರೆ ಅಂದ್ಕೊಂಡು ಅವನದ್ದನ್ನೂ ತಿಂದ್ಲು. ಅಷ್ಟರಲ್ಲಿ ಹೆಂಗಸರು ಬಂದು ಅವನನ್ನ ಎಬ್ಬಿಸಿ ಕೈ ಹಿಡ್ಕೊಂಡು ಹೊರಟೇಬಿಟ್ರು. "ಖಾಲಿ ಹೊಟ್ಟೇಲಿ ಬೆಟ್ಟ ಹತ್ತಿದ, ಸಾರದಾ," ಅಂದ್ರು ಅಜ್ಜಿ. ಅವನು ಹೋದ ಮೇಲೆ ಸುದ್ದಿ ಇಲ್ಲ. ಅಮ್ಮ ಸತ್ರು, ಊರು ಸುಟ್ಟುಹೋಯ್ತು, ಇವರನ್ನ ಸೋದರತ್ತೆ ಸಾಕಿ ಮದುವೆ ಮಾಡಿ ಆಸ್ಟ್ರೇಲಿಯಾ ಹಡಗು ಹತ್ತಿಸಿದ್ರು.

ಅವರಲ್ಲಿ ಸತ್ತೋರಿಗೆ ಕೋಲಿವಾ ಅಂತ ಮಾಡ್ತಾರೆ. ಗೋಧಿ ಬೇಯಿಸಿ, ಬಟ್ಟೆ ಮೇಲೆ ಹರಡಿ ಆರಿಸಿ, ದಾಳಿಂಬೆ, ಬಾದಾಮಿ, ಒಣದ್ರಾಕ್ಷಿ ಸೇರಿಸಿ, ಮೇಲೆ ಸಕ್ಕರೆ ಪುಡಿ. ಚರ್ಚಿನಲ್ಲಿ ಪಾದ್ರಿ ಸತ್ತೋರ ಹೆಸರು ಓದ್ತಾರೆ, ಆಮೇಲೆ ಎಲ್ಲರಿಗೂ ಒಂದೊಂದು ಹಿಡಿ ಹಂಚ್ತಾರೆ. ವರ್ಷಕ್ಕೆ ಕೆಲವು ಶನಿವಾರ ಎಲ್ಲ ಸತ್ತೋರಿಗೂ ಸೇರಿಸಿ ಮಾಡೋದುಂಟು. ಅಂಥ ಒಂದು ಶನಿವಾರ ನಾನು ಅಧಿಕಪ್ರಸಂಗ ಮಾಡಿದೆ. "ನಮ್ಮಲ್ಲಿ ಮಹಾಲಯ ಅಮಾವಾಸ್ಯೆ ಅಂತ ಬರುತ್ತೆ ಕಿರಿಯಾ. ಯಾವತ್ತು ಹೋದ್ರು, ಎಲ್ಲಿ ಹೋದ್ರು ಗೊತ್ತಿಲ್ಲದೋರಿಗೆಲ್ಲ ಅವತ್ತು ಎಡೆ ಇಡ್ತೀವಿ. ಮನಸ್ಸಿಗೆ ಸಮಾಧಾನ. ಯೋರ್ಗೊ ಹೆಸರೂ ಹೇಳ್ಸಬಾರ್ದಾ?" ಅಂದೆ. ಅಜ್ಜಿ ನನ್ನನ್ನ ಸುಟ್ಟುಬಿಡೋ ಹಾಗೆ ನೋಡಿದ್ರು. "ಬದುಕಿರೋನಿಗೆ ಕೋಲಿವಾ ಬೇಯಿಸ್ತಾರಾ?" ಅಂದ್ರು. ಅವರಲ್ಲಿ ಅದು ಬದುಕಿರೋನ ಆಯಸ್ಸು ಕಿತ್ಕೊಂಡ ಹಾಗೆ. ಎರಡು ದಿನ ನನ್ನ ಕೈಯಿಂದ ಒಂದು ತೊಟ್ಟು ನೀರೂ ಮುಟ್ಲಿಲ್ಲ.

ಅಷ್ಟರಲ್ಲಿ ಅಡಿಲೇಡ್‌ನಿಂದ ಟೂಲಾ ಫೋನ್ ಮಾಡಿದ್ಲು. ಎಂಜಲು ಕಳಿಸಿ ರಕ್ತಸಂಬಂಧ ಹುಡುಕೋ ಪರೀಕ್ಷೆ ಬಂದಿತ್ತಲ್ಲ ಆಗ, ಅವಳೂ ಮಾಡಿಸಿದ್ಲು. ಅದರಲ್ಲಿ ಜರ್ಮನಿಯ ಒಬ್ಬ ಹುಡುಗ ಹತ್ತಿರದ ನೆಂಟ ಅಂತ ಬಂದ. ಬರೆದು ವಿಚಾರಿಸಿದ್ರೆ ಅವನ ಅಮ್ಮ ಪೋಲೆಂಡ್‌ನೋಳು. ಆ ಅಮ್ಮನ ಅಪ್ಪ ಮಗುವಾಗಿದ್ದಾಗ ಗ್ರೀಸಿನಿಂದ ಬಂದೋರು, ಹೆಸರು ಯೋರ್ಗೊ. ಪೋಲೆಂಡ್‌ನಲ್ಲೇ ಬೆಳೆದು, ಟ್ರಾಮ್ ಓಡಿಸಿ, ಮದುವೆ ಮಾಡ್ಕೊಂಡು ಸಂಸಾರ ಮಾಡಿದ್ರು. ತೀರಿಕೊಂಡು ನಾಲ್ಕು ವರ್ಷ ಆಗಿತ್ತು.

"ನಾಲ್ಕು ವರ್ಷ, ಸಾರದಾ. ನಾನು ನಾಲ್ಕು ವರ್ಷ ಮುಂಚೆ ಯಾಕೆ ಮಾಡಿಸ್ಲಿಲ್ಲ?" ಅಂತ ಟೂಲಾ ಅತ್ಲು. ನಾನೂ ಅತ್ತೆ. ಬ್ರೇಕ್ ರೂಮಲ್ಲಿ ಎಲ್ಲರೂ ನೋಡ್ತಿದ್ರು.

ಈಗ ಅಮ್ಮಂಗೆ ಹೇಳ್ಬೇಕಾ ಬೇಡ್ವಾ? ಅಣ್ಣ ತಂಗಿಗೆ ಜಗಳ ಹತ್ಕೊಳ್ತು. ಕೋಸ್ತ ಬ್ರಿಸ್ಬೇನ್‌ನಿಂದ, "ಅವಳು ಜೀವ ಹಿಡ್ಕೊಂಡಿರೋದೇ ಅವನು ಬರ್ತಾನೆ ಅಂತ. ಹೇಳಿದ್ರೆ ಅವಳನ್ನ ನೀನೇ ಕೊಂದ ಹಾಗೆ. ಮೇಲಾಗಿ ನಾಳೆಗೆ ಮರೀತಾಳೆ, ನಾಡಿದ್ದು ಮತ್ತೆ ಹೇಳ್ತೀಯಾ?" ಅಂದ. ಟೂಲಾ, "ಅರ್ಧ ಊಟದಲ್ಲೇ ಸಾಯ್ತಿದಾಳೆ ಅಣ್ಣಾ. ಅವನು ಹಸ್ಕೊಂಡು ಸಾಯ್ಲಿಲ್ಲ ಅಂತಾದ್ರೂ ಗೊತ್ತಾಗ್ಬೇಡ್ವಾ?" ಅಂದ್ಲು. ಇಬ್ರೂ ನನಗೇ ಫೋನ್ ಮಾಡಿ, ನೀನೇನಂತೀಯ ಅಂತ ಕೇಳೋರು. ಹೊಸ ಟ್ರೈನಿಂಗ್ ಪ್ರಕಾರ ಹೇಳ್ಬಾರ್ದು. ನಮ್ಮ ಮನೆಗಳಲ್ಲೂ ವಯಸ್ಸಾದೋರಿಗೆ ಸಾವಿನ ಸುದ್ದಿ ಮುಚ್ಚಿಡ್ತೀವಿ. ನಮ್ಮಜ್ಜಿಗೆ ಅವರ ಮಗ ಸತ್ತಿದ್ದು ಕೊನೇವರೆಗೂ ಗೊತ್ತಾಗ್ಲಿಲ್ಲ. ಆದ್ರೆ ಮಗ ಕಾಗದ ಹಾಕ್ಲಿಲ್ಲ ಅಂತ ಬೈಕೊಂಡೇ ಸತ್ರು, ಪಾಪ. ಅದು ನೆನಪಾಗಿ ನಾನು ಟೂಲಾ ಕಡೆ ಮಾತಾಡಿದೆ. ಕೋಸ್ತ ನನ್ನ ಜೊತೆ ಮಾತು ಬಿಟ್ಟ.

ಟೂಲಾ ಮಂಗಳವಾರ ಬೆಳಿಗ್ಗೆ, ಪೋಲೆಂಡ್‌ನಲ್ಲಿರೋ ಆ ಹುಡುಗನ ಅಮ್ಮನ ಜೊತೆ ವಿಡಿಯೋ ಕಾಲ್ ಅಂತ ಗೊತ್ತು ಮಾಡಿದ್ಲು. ನಾನು ಬೇಡವೇ ಬೇಡ ಅಂದೆ. "ನೀನು ಗ್ರೀಕೋ ನಾನು ಗ್ರೀಕೋ?" ಅಂದ್ಲು, ಆದ್ರೂ ಬುಧವಾರಕ್ಕೆ ಬದಲಾಯಿಸಿದ್ಲು. ಅಜ್ಜಿಗೆ ಬೆಳಗಿನ ಹೊತ್ತು ಚೆನ್ನಾಗಿರುತ್ತೆ ಅಂತ ಆ ಸಮಯಕ್ಕೇ ಇಟ್ಟಿದ್ದು, ಪೋಲೆಂಡ್‌ನಲ್ಲಿ ಇನ್ನೂ ಬೆಳಕೇ ಹರಿದಿರ್ಲಿಲ್ಲ. ಟೂಲಾ ಅಡಿಲೇಡ್‌ನಿಂದ ಬಂದ್ಲು. ಕೋಸ್ತನೂ ಬ್ರಿಸ್ಬೇನ್‌ನಿಂದ ಬಂದ, ಮುಖ ಗಂಟು ಹಾಕ್ಕೊಂಡೇ. ಅಜ್ಜಿ ನನ್ನ ಕೈ ಬಿಡ್ಲಿಲ್ಲ, ಹಾಗಾಗಿ ನಾನೂ ಅಲ್ಲೇ ಕೂತೆ. ಅವರ ಮಾತನ್ನ ಟೂಲಾ ಪಿಸುಮಾತಲ್ಲಿ ನಂಗೆ ಇಂಗ್ಲಿಷಲ್ಲಿ ಹೇಳ್ತಿದ್ಲು.

ಟೂಲಾ ಅಮ್ಮನ ಮುಂದೆ ಮಂಡಿಯೂರಿ ಹೇಳಿದ್ಲು. ಯೋರ್ಗೊ ಸಿಕ್ಕಿದಾನೆ ಅಮ್ಮಾ. ಚೆನ್ನಾಗಿ ಬಾಳಿದಾನೆ. ಈಗ ಇಲ್ಲ.

ಅಜ್ಜಿ ಲೊಚ್ ಅಂತ ಗದ್ದ ಎತ್ತಿದ್ರು. ಇಲ್ಲ. ಇನ್ನೊಂದ್ಸಲ ಹೇಳಿದಾಗಲೂ ಅದೇ. ಕೋಸ್ತ ಎದ್ದು ಕಿಟಕಿ ಕಡೆ ತಿರುಗಿ ನಿಂತ.

ಟೂಲಾ ಲ್ಯಾಪ್‌ಟಾಪ್ ತೆರೆದ್ಲು. ಪರದೆ ಮೇಲೆ ಕನ್ನಡಕ ಹಾಕ್ಕೊಂಡ ಒಬ್ಬ ಮಧ್ಯವಯಸ್ಸಿನ ಹೆಂಗಸು. ಹರಕು ಮುರುಕು ಗ್ರೀಕಲ್ಲಿ ಏನೋ ಹೇಳಿದ್ಲು. ಅಜ್ಜಿ ಕೇಳಿದ್ರು, "ನೀನು ಯಾರು?"

"ನಾನು ಯೋರ್ಗೊ ಮಗಳು. ನನ್ನ ಹೆಸರು ಎವಾಂಥಿಯಾ."

ಅಜ್ಜಿ ನನ್ನ ಕೈ ಎಷ್ಟು ಜೋರಾಗಿ ಹಿಡಿದ್ರು ಅಂದ್ರೆ ಬಳೆ ಒತ್ತಿ ಗುರುತಾಯ್ತು. ಆಮೇಲೆ ಟೂಲಾ ನಂಗೆ ವಿವರಿಸಿದ್ಲು. ಅವರಲ್ಲಿ ಮಕ್ಕಳಿಗೆ ಅಜ್ಜಿ ತಾತನ ಹೆಸರಿಡೋದು ರೂಢಿ. ಅಕ್ಕನ ಹೆಸರಿಡೋದು ಅಕ್ಕ ಚಿಕ್ಕ ವಯಸ್ಸಲ್ಲಿ ಸತ್ತಿದ್ರೆ. ಮರೆವಿನ ಅಜ್ಜಿಗೆ ಅದು ಮಾತ್ರ ಮರೆತಿರ್ಲಿಲ್ಲ.

"ನಾನು ಸತ್ತೆ ಅಂದ್ಕೊಂಡಿದ್ನಾ?"

"ಹೌದು ಅತ್ತೆ. ಊರು ಸುಟ್ಟಾಗ ಎಲ್ಲರೂ ಹೋದ್ರು ಅಂತ ಅವರಿಗೆ ಯಾರೋ ಹೇಳಿದ್ರು. ಪ್ರತಿ ವರ್ಷ ತಾನೇ ಕೂತು ಗೋಧಿ ಬೇಯಿಸ್ತಿದ್ರು, ನಿಮ್ಮ ಹೆಸರಲ್ಲಿ. ನಮ್ಮೆಲ್ಲರಿಗೂ ತಿನ್ನಿಸೋರು."

ಇವರು ಅವನನ್ನ ಒಂದು ದಿನಕ್ಕೂ ಸತ್ತೋರ ಜೊತೆ ಸೇರಿಸ್ಲಿಲ್ಲ. ಅವನು ಇವರಿಗೆ ಅಷ್ಟು ವರ್ಷ ಕೋಲಿವಾ ಹಂಚಿದ್ದ. ದೇವರಿಗೆ ಕಣ್ಣಿಲ್ಲ ಅನ್ನೋದು ಇಂಥದ್ದಕ್ಕೇ.

ಅಜ್ಜಿ ನನ್ನ ಬಳೆಗಳನ್ನ ಒಂದೊಂದಾಗಿ ಎಣಿಸಕ್ಕೆ ಶುರು ಮಾಡಿದ್ರು. ಮರೆತುಬಿಟ್ರು ಅಂತಲೇ ನಾವಂದ್ಕೊಂಡ್ವಿ. ಆಮೇಲೆ ಸಣ್ಣ ಧ್ವನೀಲಿ ಕೇಳಿದ್ರು, "ರೊಟ್ಟಿ ವಿಷಯ ಏನಾದ್ರೂ ಹೇಳ್ತಿದ್ನಾ?"

"ಯಾವ ರೊಟ್ಟಿ?"

"ಅವತ್ತು ಬೆಳಿಗ್ಗೆ. ಅವನ ಪಾಲು ನಾನು ತಿಂದಿದ್ದು."

ಆ ಹೆಂಗಸು ಯೋಚಿಸಿದ್ಲು. ಪಕ್ಕದಲ್ಲಿದ್ದ ಯಾರನ್ನೋ ಅವರ ಭಾಷೇಲಿ ಕೇಳಿದ್ಲು. "ಇಲ್ಲ ಅತ್ತೆ. ಅಕ್ಕ ಹೊಳೆವರೆಗೂ ನಮ್ಮ ಹಿಂದೆ ಓಡಿಬಂದ್ಲು ಅಂತಿದ್ರು. ಅಕ್ಕನ ಜಡೆ ಉದ್ದ ಇತ್ತು ಅಂತಿದ್ರು. ರೊಟ್ಟಿ ವಿಷಯ ಯಾವತ್ತೂ ಹೇಳ್ಲಿಲ್ಲ."

"ಮರೆತುಬಿಟ್ಟಿದ್ನಾ?" ಅಂದ್ರು ಅಜ್ಜಿ. "ಕಳ್ಳ. ಮರೆತೇಬಿಟ್ಟಿದ್ನಾ?" ಅಂತ ನಕ್ಕರು. ಆಮೇಲೆ ಅತ್ರು ನೋಡಿ, ಅಂಥ ಅಳು ನಾನು ನನ್ನ ಸರ್ವೀಸಲ್ಲಿ ಕೇಳಿರ್ಲಿಲ್ಲ. ಮಗುವಿನ ಅಳು. ಕೋಸ್ತ ಓಡಿಬಂದು ಅಮ್ಮನ ಕಾಲ ಹತ್ರ ಕೂತು ತೊಡೆ ಮೇಲೆ ತಲೆ ಇಟ್ಟ.

ಮಧ್ಯಾಹ್ನ ಅಜ್ಜಿ ಟೂಲಾನ ಕರೆದು, "ಅವನು ನನ್ನದು ಮಾಡಿದ. ಈಗ ನಾನು ಅವನದು ಮಾಡ್ಬೇಕು. ಗೋಧಿ ತಗೊಂಡು ಬಾ" ಅಂದ್ರು. ನಮ್ಮ ಹೋಮ್‌ನಲ್ಲಿ ಅಲ್ಲಿರೋರು ಅಡುಗೆಮನೆಗೆ ಕಾಲಿಡೋ ಹಾಗಿಲ್ಲ, ಬೆಂಕಿ, ಚಾಕು ಅಂತ ನೂರೆಂಟು ರೂಲ್ಸು. ಹೋಗಿ ಹೇಗೆ ಕೇಳೋದು ಅಂತ ನಾನು ಒದ್ದಾಡ್ತಿದ್ರೆ, ಜೆನ್ ತಾನೇ ಒಂದು ಏಪ್ರನ್ ತಂದು ಅಜ್ಜಿಗೆ ಕಟ್ಟಿದ್ಲು. "ಇವತ್ತು ಮಧ್ಯಾಹ್ನ ಅಡುಗೆಮನೆ ಕ್ಲೀನಿಂಗ್‌ಗೆ ಬಂದ್, ಯಾರೂ ಒಳಗೆ ಬರಲ್ಲ" ಅಂದ್ಲು. ಟೇಬಲ್ ವಿಷಯದಲ್ಲಿ ಅವಳನ್ನ ಬೈ‌ಕೊಂಡಿದ್ದೆಲ್ಲ ಅವತ್ತು ವಾಪಸ್ ತಗೊಂಡೆ.

ಗೋಧಿ ಬೆಂದಿದೆಯಾ ಅಂತ ಅಜ್ಜಿ ಬೆರಳಲ್ಲಿ ಒತ್ತಿ ನೋಡಿದ್ರು. ದಾಳಿಂಬೆ ನಾನು ಬಿಡಿಸಿಕೊಟ್ಟೆ. ಸಂಜೆ ಪಾದ್ರಿ ಬಂದ್ರು. ಊಟದ ಹಾಲ್‌ನಲ್ಲೇ ಮೇಣದಬತ್ತಿ ಹಚ್ಚಿ ಪ್ರಾರ್ಥನೆ ಮಾಡಿ, ಮೊದಲನೇ ಸಲ ಯೋರ್ಗೊ ಹೆಸರನ್ನ ಸತ್ತೋರ ಜೊತೆ ಹೇಳಿದ್ರು. ಅಜ್ಜಿ ಅಲುಗಾಡ್ಲಿಲ್ಲ. ಆಮೇಲೆ ಸಣ್ಣ ಸಣ್ಣ ಪೇಪರ್ ಪೊಟ್ಟಣ ಒಬ್ಬೊಬ್ಬರಿಗೂ ತಾವೇ ಕೊಟ್ಕೊಂಡು ಬಂದ್ರು. ತಗೊಂಡೋರು, ದೇವರು ಅವನನ್ನ ಕ್ಷಮಿಸಲಿ ಅನ್ಬೇಕು, ಅದು ಪದ್ಧತಿ.

ಗೋಡೆ ಪಕ್ಕದ ಟೇಬಲ್ಲಿಗೆ ಬಂದ್ರು. ಅರಿಸ್ತೊ ತಾತ ಬೆನ್ನು ಮಾಡಿ ಕೂತಿದ್ರು. ಎದ್ದರು. ತಿರುಗಿದ್ರು. ಎರಡೂ ಕೈ ಚಾಚಿ ಪೊಟ್ಟಣ ತಗೊಂಡು ಆ ಮಾತು ಹೇಳಿದ್ರು, ಎಲ್ಲರಿಗೂ ಕೇಳೋ ಹಾಗೆ.

ಅಜ್ಜಿ ಅವರ ಮುಖ ನೋಡಿ, "ನೀನು ಯಾರ ಮಗ?" ಅಂದ್ರು.

ತಾತ ಅಪ್ಪನ ಹೆಸರು ಹೇಳಿದ್ರು, ಊರು ಹೇಳಿದ್ರು. ಬಂದ ದಿನ ಹೇಳಿದ್ದ ಅದೇ ಹೆಸರು, ಅದೇ ಊರು.

"ಗೊತ್ತಿಲ್ಲಪ್ಪ," ಅಂದ್ರು ಅಜ್ಜಿ. "ತಿನ್ನು ಮಗು, ತಿನ್ನು."

ತಾತ ಅವತ್ತು ಊಟಕ್ಕೆ ಬರ್ಲಿಲ್ಲ. ಟ್ರೇ ತಗೊಂಡು ರೂಮಿಗೆ ಹೋದ್ರೆ ಹಾಸಿಗೆ ಅಂಚಲ್ಲಿ ಕೂತಿದ್ರು, ಮೀಸೆ ಮೇಲೆಲ್ಲ ಸಕ್ಕರೆ ಪುಡಿ. ಒದ್ದೆ ಬಟ್ಟೆ ತಂದು ಒರೆಸಿದೆ. "ನನ್ನ ತಮ್ಮಂಗೆ ಆಗ ಹತ್ತೊಂಬತ್ತು" ಅಂದ್ರು.

ಮಾರನೇ ದಿನ ಮಕ್ಕಳಿಬ್ರೂ ವಾಪಸ್ ಹೋದ್ರು. ಅದರ ಮಾರನೇ ದಿನ ಶುಕ್ರವಾರ, ಅವರಲ್ಲಿ ಮಾಂಸ ಇಲ್ಲ, ಬೇಳೆ ಸೂಪು ಮತ್ತು ಬ್ರೆಡ್ಡು. ಎವಾಂಥಿಯಾ ಅಜ್ಜಿ ಮುಂದೆ ತಟ್ಟೆ ಇಟ್ಟೆ. ಅಜ್ಜಿ ಬ್ರೆಡ್ ತಗೊಂಡು, ಸರಿಯಾಗಿ ನೋಡಿ, ಅರ್ಧಕ್ಕೆ ಮುರಿದ್ರು.

ಮರೆತುಬಿಟ್ರು, ಕೋಸ್ತ ಹೇಳಿದ್ದೇ ನಿಜವಾಯ್ತು ಅಂದ್ಕೊಂಡೆ. ಈಗ ಮತ್ತೆ ಹೇಳ್ಬೇಕಾ? ಅಥವಾ ಯೋರ್ಗೊ ಬರ್ತಾನೆ ಅನ್ನಲಾ? ನ್ಯಾಪ್ಕಿನ್ ಮುಚ್ಚಲಿ ಅಂತ ಕಾಯ್ತಾ ನಿಂತೆ. ಅಜ್ಜಿ ತಮ್ಮ ಅರ್ಧ ತಿಂದ್ರು. ಇನ್ನರ್ಧವನ್ನ ಬೇಳೇಲಿ ಅದ್ದಿ ನನ್ನ ಕಡೆ ಚಾಚಿದ್ರು.

"ತಿನ್ನು," ಅಂದ್ರು. "ಅವನದು ಆಯ್ತು. ಇದು ನಿಂದು."

ಅಲ್ಲಿರೋರ ತಟ್ಟೆಯಿಂದ ನಾವು ತಿನ್ನೋ ಹಾಗಿಲ್ಲ, ಅದು ಮೊದಲನೇ ದಿನವೇ ಹೇಳೋ ರೂಲು. ನಾನು ಕುರ್ಚಿ ಎಳ್ಕೊಂಡು ಕೂತೆ.

ಅದಾದ ಮೇಲೆ ಅಜ್ಜಿ ಬಹಳ ದಿನ ಉಳೀಲಿಲ್ಲ. ನೋವಿರ್ಲಿಲ್ಲ, ಒಂದು ಬೆಳಿಗ್ಗೆ ಏಳ್ಲಿಲ್ಲ ಅಷ್ಟೆ. ಸಮಾಧಿ ಹತ್ರ ಅಣ್ಣ ತಂಗಿ ಬೇರೆ ಬೇರೆ ನಿಂತಿದ್ರು. ಹೇಳಬಾರ್ದಿತ್ತು ಅಂತ ಕೋಸ್ತ ಬಾಯಿ ಬಿಟ್ಟು ಅನ್ಲಿಲ್ಲ, ಅನ್ನೋದೇನೂ ಉಳಿದಿರ್ಲಿಲ್ಲ. ಹುಡುಗೀರಾ, ಈ ಕೆಲಸದಲ್ಲಿ ಇದೂ ಇದೆ. ಸರಿ ಮಾಡಿದ್ವೋ ತಪ್ಪು ಮಾಡಿದ್ವೋ ಅಂತ ಹೇಳೋರು ಯಾರೂ ಉಳಿದಿರಲ್ಲ. ನಾನು ಕೆಲಸ ಬಿಟ್ಟು ವರ್ಷಗಳಾದ್ವು, ಈಗಲೂ ಕೆಲವು ದಿನ ಹೇಳಿದ್ದೇ ಸರಿ ಅನ್ಸುತ್ತೆ, ಕೆಲವು ದಿನ ಬಾಯಿ ಮುಚ್ಕೊಂಡಿರ್ಬೇಕಿತ್ತು ಅನ್ಸುತ್ತೆ.

ನಲವತ್ತನೇ ದಿನ ಟೂಲಾ ಅಡಿಲೇಡ್‌ನಲ್ಲಿ ಅಮ್ಮನ ಕೋಲಿವಾ ಮಾಡಿ, ನಂಗೆ ಫೋನ್ ಮಾಡಿದ್ಲು.

"ನಾವು ಹೋದ್ಮೇಲೆ ಅವನನ್ನ ಕೇಳಿದ್ಲಾ, ಸಾರದಾ? ನಿಜ ಹೇಳು. ಮತ್ತೆ ಕಾಯ್ತಿದ್ಲಾ?"

"ಇಲ್ಲಮ್ಮ. ಒಂದ್ಸಲನೂ ಕೇಳ್ಲಿಲ್ಲ. ಅವನಿಗೆ ಎತ್ತಿಡ್ತಿದ್ದ ಅರ್ಧನ ನಂಗೆ ಕೊಟ್ರು."

ಟೂಲಾ ಕೇಳಿದ್ಲು, "ನೀನು ತಿಂದ್ಯಾ?"

"ತಿಂದೆ," ಅಂದೆ. "ಒಂದು ಚೂರೂ ಬಿಡದೆ ತಿಂದೆ."